ನಟ್ಟನಡುವಿನ ಮೂರು ಪದ

ಪ್ರಶ್ನೆ: ಹೀಬ್ರೂ ಬೈಬಲಿನ 23ನೇ ಕೀರ್ತನೆಯಲ್ಲಿ ಮೊದಲು ಕುರುಬ, ಹುಲ್ಲುಗಾವಲು, ಆಮೇಲೆ ಇದ್ದಕ್ಕಿದ್ದಂತೆ ಊಟದ ಮೇಜು. ಎರಡು ಪದ್ಯಗಳನ್ನು ಸೇರಿಸಿ ಹೊಲಿದಂತಿದೆ. ಆಲಂಕಾರಿಕ ವಿಶ್ಲೇಷಣೆಯಿಂದ ಇದು ಬಿಡಿಸೀತೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಅಲಂಕಾರ ಎಂದೊಡನೆ ಉಪಮೆ, ರೂಪಕಗಳ ಪಟ್ಟಿ ಮಾಡಲು ಕೂರಬೇಡಿ. ಕುರುಬ ಒಂದು ರೂಪಕ ಎಂದು ಗುರುತಿಸಿದ ಮಾತ್ರಕ್ಕೆ ಪದ್ಯ ಬಿಚ್ಚಿಕೊಳ್ಳುವುದಿಲ್ಲ. ಬೈಬಲ್ ವಿದ್ವಾಂಸ ಜೇಮ್ಸ್ ಮ್ಯೂಲೆನ್‌ಬರ್ಗ್ 1968ರ ಭಾಷಣದಲ್ಲಿ ಈ ವಿಧಾನವನ್ನು ಮುಂದಿಟ್ಟಾಗ ಒತ್ತಿ ಹೇಳಿದ್ದು ಎರಡು ಕೆಲಸ: ಪದ್ಯದ ಎಲ್ಲೆ ಗುರುತಿಸುವುದು, ಅದರ ಒಳಗಟ್ಟು ನೋಡುವುದು.

ಎಲ್ಲೆ ಸುಲಭ. ಯಹ್ವೆ ಎಂಬ ದೇವರ ಹೆಸರು ಮೊದಲ ವಚನದಲ್ಲೊಮ್ಮೆ, ಕೊನೆಯದರಲ್ಲೊಮ್ಮೆ ಬರುತ್ತದೆ. ನಡುವೆ ಎಲ್ಲೂ ಇಲ್ಲ. ಕುರುಬನೂ ಮೇಜೂ ಒಂದೇ ಬೇಲಿಯೊಳಗಿವೆ.

ಒಳಗಟ್ಟಿಗೆ ಸರ್ವನಾಮಗಳ ಬೆನ್ನು ಹತ್ತಿ. 1ರಿಂದ 3ನೇ ವಚನದವರೆಗೆ ದೇವರು ‘ಅವನು’. 4ರಲ್ಲಿ, ಕತ್ತಲ ಕಣಿವೆಯಲ್ಲಿ, ‘ನೀನು’ ಆಗುತ್ತಾನೆ: ‘ಕೀ ಅತ್ತಾ ಇಮ್ಮಾದೀ’, ಅಂದರೆ ‘ನೀನು ನನ್ನೊಡನಿದ್ದೀಯಲ್ಲ’. ಹೀಬ್ರೂ ಪದಗಳನ್ನು ಎಣಿಸಿ ನೋಡಿ. ಈ ಮೂರು ಪದಗಳ ಹಿಂದೆ 26, ಮುಂದೆ 26. ಮೇಜಿನ ವಚನವೂ ‘ನೀನು’ ಎಂದೇ ಮಾತಾಡುತ್ತದೆ. ಹಾಗಾಗಿ ನಿಮಗೆ ಹೊಲಿಗೆ ಕಂಡ ಜಾಗದಲ್ಲಿ ಪದ್ಯ ತಿರುಗುವುದಿಲ್ಲ. ತಿರುಗುವುದು ಒಂದು ವಚನ ಮೊದಲೇ, ಭಯದ ನಡುವೆ.

ಎಣಿಕೆ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ‘ದಾವೀದನ ಕೀರ್ತನೆ’ ಎಂಬ ತಲೆಬರಹವನ್ನು ಲೆಕ್ಕಕ್ಕೆ ಹಿಡಿಯಬಾರದು. ಅಡ್ಡಗೆರೆಯಿಂದ ಜೋಡಿಸಿದ ಪದಗಳನ್ನು ಬಿಡಿಬಿಡಿಯಾಗಿಯೇ ಎಣಿಸಬೇಕು. ಅನುವಾದದ ಪದಗಳನ್ನು ಎಣಿಸಿ ಪ್ರಯೋಜನವಿಲ್ಲ. ಇನ್ನು, ಬರೀ ಎಣಿಕೆಯೂ ಪುರಾವೆಯಲ್ಲ. ಇಲ್ಲಿ ಅದಕ್ಕೆ ತೂಕ ಬಂದದ್ದು ‘ಅವನು’ ‘ನೀನು’ ಆಗುವುದೂ ಅಲ್ಲೇ ಆದ್ದರಿಂದ.

ಕೊನೆಯ ವಚನದ ‘ಯಿರ್ದೆಫೂನಿ’ ಎಂಬ ಕ್ರಿಯಾಪದವನ್ನೂ ಬಿಡಬೇಡಿ. ಅನುವಾದಗಳಲ್ಲಿ ಅದು ‘ಹಿಂಬಾಲಿಸುವವು’ ಎಂದು ಮೆತ್ತಗಾಗುತ್ತದೆ. ಮೂಲ ಧಾತು ‘ರಾದಫ್’ ಶತ್ರು ಅಟ್ಟಿಸಿಕೊಂಡು ಬರುವುದಕ್ಕೆ ಬಳಸುವಂಥದ್ದು. 5ರಲ್ಲಿ ವೈರಿಗಳು ಸುಮ್ಮನೆ ನೋಡುತ್ತಿದ್ದಾರೆ. 6ರಲ್ಲಿ ಅಟ್ಟಿಸಿಕೊಂಡು ಬರುವುದು ಒಳಿತು ಮತ್ತು ಕರುಣೆ. ಮೇಜಿನ ಎದುರು ವೈರಿಗಳೇಕೆ ಎಂಬುದಕ್ಕೆ ಉತ್ತರ ಈ ಒಂದು ಪದದಲ್ಲಿದೆ.

ಹೊಸಬರು ಎಡವುವುದು ಕನ್ನಡಿ ರಚನೆ, ಅಂದರೆ ಮೊದಲರ್ಧದ ಮಾತುಗಳು ಎರಡನೆಯರ್ಧದಲ್ಲಿ ಹಿಂದುಮುಂದಾಗಿ ಮರಳುವ ಕಟ್ಟು, ಹುಡುಕುವಾಗ. ‘ನಂಬಿಕೆ, ಕಷ್ಟ, ನಂಬಿಕೆ’ ಎಂದು ತಾವೇ ತಲೆಬರಹ ಕೊಟ್ಟುಕೊಂಡರೆ ಯಾವ ಪದ್ಯವೂ ಕನ್ನಡಿಯಾಗುತ್ತದೆ! ಮೂಲದ ಪದವೇ ಮರುಕಳಿಸಿದೆಯೇ ನೋಡಿ. ಇಲ್ಲವಾದರೆ ಆ ರಚನೆ ನಿಮ್ಮದು, ಕವಿಯದಲ್ಲ.