ಪ್ರತಿಕ್ರಿಯೆ: ಮಳೆಯಿಲ್ಲದಿದ್ದರೂ ಚಾರಣಿಗರ ತಗಡಿನ ಗೂಡು ತೊಟ್ಟಿಕ್ಕುವುದೇಕೆ?

ಪಶ್ಚಿಮ ಘಟ್ಟದ ನೆತ್ತಿಯಲ್ಲಿ ನೀವು ರಾತ್ರಿ ಮಲಗುವ ತಗಡಿನ ಗೂಡಿನಲ್ಲಿ ಡಿಸೆಂಬರಿನಲ್ಲೂ ಸೂರಿನಿಂದ ಹನಿ ಬೀಳುವುದೇಕೆ ಎಂದು ಕೇಳಿದ್ದೀರಿ. ಅದು ಸೋರಿಕೆಯಲ್ಲ, ಬಹುಶಃ ಮಲಗಿದವರ ಉಸಿರೇ. ಒಬ್ಬೊಬ್ಬರಿಂದ ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ನಿಮ್ಮಲ್ಲಿ ಆರು ಜನ. ತಣ್ಣಗಿನ ತಗಡಿಗೆ ತಗಲಿದ್ದೇ ಅದು ಹನಿಗಟ್ಟುತ್ತದೆ.

ಮೊದಲು ಒಂದು ರಾತ್ರಿ ಗೂಡನ್ನು ಖಾಲಿ ಬಿಡಿ. ಆಗಲೂ ಒದ್ದೆಯಾದರೆ ನನ್ನ ಊಹೆ ತಪ್ಪು, ನೆಲದ ತೇವವೋ ಮಂಜೋ ಕಾರಣವಿರಬಹುದು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಮತ್ತೆ ನೋಡಿ.

ಖಾಲಿ ಬಿಟ್ಟ ರಾತ್ರಿ ಸೂರು ಒಣಗಿಯೇ ಇದ್ದರೆ ಗಾಳಿಗೆ ದಾರಿ ಮಾಡಿ. ಮುಂಗಾರು ನೈಋತ್ಯದಿಂದ ಅಪ್ಪಳಿಸುವುದರಿಂದ ಪೂರ್ವದ ಗೋಡೆಯಲ್ಲೇ ಕೆಳಗೊಂದು, ಸೂರಿನಡಿಯಲ್ಲೊಂದು ಕಿಂಡಿ ಕೊರೆಯಿರಿ. ಬಲೆ ಸಾಕು, ಮುಚ್ಚಳ ಬೇಡ; ಇಟ್ಟರೆ ಚಳಿಗೆ ಯಾರಾದರೂ ಮುಚ್ಚಿಯೇ ಮುಚ್ಚುತ್ತಾರೆ. ಒಳಗೆ ಸ್ಟವ್ ಹಚ್ಚುವುದನ್ನು ನಿಲ್ಲಿಸಿ: ಆವಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಅಪಾಯವೂ ಇದೆ. ಇಷ್ಟಾದ ಮೇಲೂ ಹನಿದರೆ ಮಾತ್ರ ತಗಡಿನ ಒಳಮೈಗೆ ಶಾಖನಿರೋಧಕ ಹಾಳೆ ಅಂಟಿಸಿ.