ಸಾಯೋ ಪಡೆಯನ್ನೇ ಯಾಕೆ ಆರಿಸಿಕೊಂಡ?

ಪ್ರಶ್ನೆ: ನಾನು ಸೈನ್ಯದಲ್ಲಿ 17 ವರ್ಷ ಇದ್ದು ನಿವೃತ್ತನಾದವನು. ಬೆಳಗಾವಿ ಕ್ಯಾಂಪ್ ಹತ್ತಿರವೇ ಮನೆ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ವಾರ್‌ಹ್ಯಾಮರ್ 40,000 ಅನ್ನೋ ಆಟದ ಹುಚ್ಚು. ಪುಟ್ಟ ಪ್ಲಾಸ್ಟಿಕ್ ಸಿಪಾಯಿಗಳಿಗೆ ರಾತ್ರಿ ಒಂದರವರೆಗೆ ಬಣ್ಣ ಹಚ್ಚುತ್ತಾನೆ. ಅದರಲ್ಲಿ ಕವಚ ತೊಟ್ಟ ದೈತ್ಯ ವೀರರೂ ಇದ್ದಾರಂತೆ. ಇವನು ಮಾತ್ರ ಸಾಯಲಿಕ್ಕೇ ಹುಟ್ಟಿದಂಥ ಸಾದಾ ಸಿಪಾಯಿಗಳ ಪಡೆ ಆರಿಸಿಕೊಂಡಿದ್ದಾನೆ. ಯಾಕೋ ಅಂದರೆ ನಗುತ್ತಾನೆ. ಸಿಪಾಯಿ ಸಾಯೋದು ಇವನಿಗೆ ತಮಾಷೆಯಾ?
– ಹೆಸರು ಬೇಡ, ಬೆಳಗಾವಿ

ಉತ್ತರ: ತಮಾಷೆ ಇದೆ ಸರ್, ಇಲ್ಲ ಅನ್ನುವುದಿಲ್ಲ. ಆದರೆ ಅದು ಸಿಪಾಯಿಯ ಮೇಲಿನದಲ್ಲ, ಅವನನ್ನು ಅಲ್ಲಿಗೆ ಕಳಿಸಿದವರ ಮೇಲಿನದು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ತಂದ ಆಟ ಇದು. ಅದರ ಕಥೆಯಲ್ಲಿ ಮನುಷ್ಯರ ಸಾಮ್ರಾಜ್ಯ ಕೊಳೆತುಹೋಗಿದೆ, ಚಕ್ರವರ್ತಿ 10,000 ವರ್ಷದಿಂದ ಅರೆಜೀವವಾಗಿ ಸಿಂಹಾಸನದ ಮೇಲೆ ಕೂತಿದ್ದಾನೆ, ಓಡಿಹೋಗುವ ಸಿಪಾಯಿಗೆ ಸ್ವಂತ ಪಡೆಯ ಕಮಿಸಾರೇ, ಅಂದರೆ ಶಿಸ್ತು ನೋಡಿಕೊಳ್ಳುವ ಅಧಿಕಾರಿಯೇ, ಗುಂಡು ಹೊಡೆಯುತ್ತಾನೆ. ಅಲ್ಲಿ ಯಾರೂ ಒಳ್ಳೆಯವರಲ್ಲ. ಇದು ಗೊತ್ತಿಲ್ಲದೆ ಆಡುವವರೂ ಇದ್ದಾರೆ, ಅವರ ಸಹವಾಸ ಬೇಡ.

ನಿಮ್ಮ ಮಗನ ಪಡೆಗೆ ಆಸ್ಟ್ರಾ ಮಿಲಿಟೇರಮ್ ಅಂತ ಹೆಸರು. ನಾವು ಹಳಬರು ಈಗಲೂ ಇಂಪೀರಿಯಲ್ ಗಾರ್ಡ್ ಅಂತಲೇ ಕರೆಯೋದು. ಅವರ ಲೇಸರ್ ಬಂದೂಕು ಲಾಸ್‌ಗನ್ನಿಗೆ ಆಟಗಾರರು ಇಟ್ಟ ಅಡ್ಡಹೆಸರು ಟಾರ್ಚು! ಲೆಕ್ಕ ಹಾಕಿ ನೋಡಿ. 10ನೇ ಆವೃತ್ತಿಯ ನಿಯಮದಲ್ಲಿ ಗುರಿ ತಾಗಲು ದಾಳದಲ್ಲಿ 4 ಅಥವಾ ಮೇಲೆ ಬೀಳಬೇಕು, ದೈತ್ಯ ವೀರ ಸ್ಪೇಸ್ ಮರೀನ್‌ಗೆ ಪೆಟ್ಟಾಗಲು 5 ಅಥವಾ ಮೇಲೆ, ಅದಾದ ಮೇಲೂ ಅವನ ಕವಚ ಮೂರರಲ್ಲಿ ಎರಡು ಸಲ ಉಳಿಸಿಬಿಡುತ್ತದೆ. ಅವನಿಗೆ ಜೀವ ಬೇರೆ ಎರಡು. ಅಂದರೆ ಒಬ್ಬನನ್ನು ಬೀಳಿಸಲು ಸರಾಸರಿ 36 ಗುಂಡು.

ಹಾಗಿದ್ದೂ ಈ ಪಡೆ ಗೆಲ್ಲುತ್ತದೆ. ನೀವು ಚಿಕ್ಕವರಿದ್ದಾಗ ಕಲ್ಲಿನ ಮೇಲೆ ಗೀಚಿ ಹುಲಿ-ಕುರಿ ಆಟ ಆಡಿರಬೇಕು ಅಲ್ವಾ? 3 ಹುಲಿ, 15 ಕುರಿ. ಕುರಿ ಹುಲಿಯನ್ನು ತಿನ್ನುವುದಿಲ್ಲ, ದಾರಿ ಕಟ್ಟುತ್ತದೆ, ಅಷ್ಟೇ. ಇಲ್ಲೂ ಹಾಗೇ. ಕೊಂದಿದ್ದಕ್ಕಿಂತ ಮೇಜಿನ ಮೇಲಿನ ಗುರುತಿನ ಜಾಗಗಳನ್ನು ಹಿಡಿದು ನಿಂತದ್ದಕ್ಕೇ ಅಂಕ ಜಾಸ್ತಿ. ಐದು ದೈತ್ಯರು ಬಂದರೆ ಇಪ್ಪತ್ತು ಜನರನ್ನು ತಂದು ನಿಲ್ಲಿಸು. ಹನ್ನೆರಡು ಜನ ಹೋದರೂ ಎಂಟು ಜನ ಅಲ್ಲೇ ಇರುತ್ತಾರೆ. ಹುಲಿ ಹಿಡಿದು ಗೆದ್ದವನಿಗೆ ಈ ಖುಷಿ ಗೊತ್ತಾಗಲ್ಲ ಬಿಡಿ.

ಇನ್ನೊಂದು ಮಾತು. ಈ ಪಡೆಯ ಒಂದೊಂದು ರೆಜಿಮೆಂಟೂ ಒಂದೊಂದು ಗ್ರಹದ್ದು. ಕಟಾಚನ್‌ನವರು ಕಾಡಿನ ಗಟ್ಟಿಗರು, ಕ್ರೀಗ್‌ನವರು ಮುಖದಿಂದ ಗ್ಯಾಸ್ ಮಾಸ್ಕ್ ತೆಗೆಯದವರು. ಕೇಡಿಯಾ ಗ್ರಹವಂತೂ ಒಡೆದು ಚೂರಾಯಿತು, ಅಲ್ಲಿನವರು ಇವತ್ತಿಗೂ "ಕೇಡಿಯಾ ನಿಂತಿದೆ" ಅಂತಲೇ ಕೂಗೋದು. ಊರು ಹೋದರೂ ರೆಜಿಮೆಂಟಿನ ಹೆಸರು ಬಿಡುವುದಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರೋ ಊರಲ್ಲಿ, ಅದೂ ನಿಮ್ಮ ಮನೆಯಲ್ಲಿ ಬೆಳೆದ ಹುಡುಗನಿಗೆ ಇದು ಹಿಡಿಸಿದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ದೈತ್ಯ ವೀರನ ಮುಖದಲ್ಲಿ ಯಾರ ಗುರುತೂ ಸಿಗಲ್ಲ. ಈ ಸಿಪಾಯಿ ಮಾತ್ರ ಎಲ್ಲೋ ನೋಡಿದವನ ಹಾಗೆ ಇರುತ್ತಾನೆ. ನಿಮ್ಮ ಮಗ ನಕ್ಕಿದ್ದು ನಾಚಿಕೆಗೆ ಇರಬಹುದು, ಅಪ್ಪನ ಮುಂದೆ ಇದನ್ನೆಲ್ಲ ಯಾರು ಹೇಳುತ್ತಾರೆ?

ನನ್ನ ಹತ್ತಿರವೂ ಒಬ್ಬ ಸಾರ್ಜೆಂಟ್ ಇದ್ದಾನೆ. ಬಣ್ಣ ಹಚ್ಚುವಾಗ ಸೊನ್ನೆ ನಂಬರಿನ ಬ್ರಷ್ ಜಾರಿ ಅವನ ಎಡಗಣ್ಣಿನಿಂದ ಗಲ್ಲದವರೆಗೆ ಕೆಂಪು ಗೀರು ಬಿತ್ತು. ಒರೆಸಲು ಹೋದೆ, ಇನ್ನಷ್ಟು ಹರಡಿತು. ಗಾಯ ಅಂತ ಹಾಗೇ ಬಿಟ್ಟು ಬಸಪ್ಪ ಅಂತ ಹೆಸರಿಟ್ಟೆ. ಎಷ್ಟು ಆಟದಲ್ಲಿ ಸತ್ತಿದ್ದಾನೋ ಲೆಕ್ಕ ಇಲ್ಲ, ಸತ್ತಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಇವತ್ತು ರಾತ್ರಿ ಸುಮ್ನೆ ಹೋಗಿ ಮಗನ ಪಕ್ಕ ಕೂತುಕೊಳ್ಳಿ. ಯಾರ್ಯಾರಿಗೆ ಏನೇನು ಹೆಸರು ಅಂತ ಕೇಳಿ. ಬಂದೂಕು ಹಿಡಿದಿರೋ ರೀತಿ ತಪ್ಪಿದ್ದರೆ ಅಲ್ಲೇ ಹೇಳಿಬಿಡಿ, ಅಂಟು ಒಣಗೋದರೊಳಗೆ ತಿದ್ದಬಹುದು.