ನಲವತ್ತು ಅಡಿಯಲ್ಲಿ ಯಾರ ಪಾಲು ಎಷ್ಟು?

ಬೆಂಗಳೂರಿನ ವಿಜಯನಗರದ ಓದುಗರೊಬ್ಬರ ಪತ್ರ ಬಂದಿದೆ. ಅವರ ಮನೆಯ ಮುಂದಿನದು ನಲವತ್ತು ಅಡಿ ರಸ್ತೆ. ಎದುರುಬದುರಾಗಿ ಬಂದ ಎರಡು ಕಾರುಗಳು ಸಲೀಸಾಗಿ ದಾಟುವುದಿಲ್ಲವಂತೆ. ಎರಡೂ ಬದಿಯ ಫುಟ್‌ಪಾತನ್ನು ಮೂರು ಮೂರು ಅಡಿ ಕತ್ತರಿಸಿ, ಎರಡು ಹೊಂಗೆ ಮರ ತೆಗೆದು ರಸ್ತೆ ಅಗಲ ಮಾಡಬೇಕೆಂಬುದು ಅವರ ಬೇಡಿಕೆ. ‘ಫುಟ್‌ಪಾತಿನ ಮೇಲೆ ಹೇಗೂ ಯಾರೂ ನಡೆಯುವುದಿಲ್ಲ’ ಎಂದು ಪತ್ರ ಮುಗಿಸಿದ್ದಾರೆ.

ಮಾನ್ಯರೇ, ಕಚೇರಿಗೆ ಹೊರಟವರು ಬೀದಿಯ ತುದಿಯಲ್ಲೇ ಸಿಕ್ಕಿಕೊಳ್ಳುವ ಸಂಕಟ ನನಗೂ ಗೊತ್ತು, ನಾನೂ ಕಾರು ಓಡಿಸುತ್ತೇನೆ. ಆದರೆ ನಿಮ್ಮ ಕೊನೆಯ ವಾಕ್ಯ ನನ್ನನ್ನು ಎರಡು ದಿನ ಬಿಡದೆ ಕಾಡಿತು. ನನ್ನ ತಾಯಿ ಎಪ್ಪತ್ತೆಂಟರ ವಯಸ್ಸಿನಲ್ಲೂ ಎರಡು ಅಡ್ಡರಸ್ತೆ ದಾಟಿ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದರು. ಕೇಬಲ್ ಹಾಕಲು ಯಾರೋ ಎತ್ತಿದ ಚಪ್ಪಡಿಯನ್ನು ಮತ್ತೆ ಮುಚ್ಚಿರಲಿಲ್ಲ. ಸಂಜೆಗತ್ತಲಲ್ಲಿ ಕಾಲು ಮೋರಿಗೆ ಇಳಿಯಿತು, ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಗೇಟು ದಾಟಲಿಲ್ಲ. ನಡೆಯದವರ ಲೆಕ್ಕ ಬರೆಯುವಾಗ ಅವರನ್ನೂ ಸೇರಿಸಿಬಿಟ್ಟಿರಲ್ಲ!

ಈಗ ನಿಮ್ಮ ನಲವತ್ತು ಅಡಿಯನ್ನೇ ಅಳೆಯೋಣ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಂದರೆ ಸುಮಾರು ಆರು ಅಡಿ. ಎರಡು ಬದಿಗೆ ಹನ್ನೆರಡಾಯಿತು. ಹೋಗಲು ಹತ್ತು, ಬರಲು ಹತ್ತು, ವಾಹನಗಳಿಗೆ ಇಪ್ಪತ್ತು. ಇನ್ನೂ ಎಂಟು ಅಡಿ ಉಳಿಯಿತು. ಮರಕ್ಕೂ ಒಂದು ಬದಿಯ ಪಾರ್ಕಿಂಗಿಗೂ ಅದನ್ನು ಹಂಚಿಕೊಳ್ಳಬಹುದು. ಹಾಗಾದರೆ ಕಾರುಗಳು ಸಿಕ್ಕಿಕೊಳ್ಳುವುದೇಕೆ? ಎರಡೂ ಬದಿಯಲ್ಲಿ ಹಗಲೂ ರಾತ್ರಿ ನಿಂತ ಕಾರುಗಳೇ ಹದಿನಾಲ್ಕು ಅಡಿ ನುಂಗಿರುತ್ತವೆ. ಆ ಜಾಗಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ, ತೆರವು ಮಾಡಿಸಿ ಎಂದು ಯಾರೂ ಪತ್ರವನ್ನೂ ಬರೆಯುವುದಿಲ್ಲ. ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ಮಾತ್ರ ‘ಒತ್ತುವರಿ’!

ಬೆಂಗಳೂರಿನಲ್ಲಿ ‘ಟೆಂಡರ್‌ಶ್ಯೂರ್’ ಎಂಬ ಯೋಜನೆಯಡಿ ಹೊಸದಾಗಿ ರೂಪಿಸಿದ ರಸ್ತೆಗಳನ್ನು ಒಮ್ಮೆ ನೋಡಿ ಬನ್ನಿ. ರೆಸಿಡೆನ್ಸಿ ರಸ್ತೆ, ವಿಠ್ಠಲ ಮಲ್ಯ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳಿಗೆ ಫುಟ್‌ಪಾತಿನ ಅಡಿಯಲ್ಲೇ ದಾರಿ ಮಾಡಿ, ವಾಹನಗಳ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದರು. ಒಂದೆಡೆ ಹಿಗ್ಗಿ ಇನ್ನೊಂದೆಡೆ ಕುಗ್ಗುವ ರಸ್ತೆಯಲ್ಲೇ ವಾಹನಗಳು ಗಂಟು ಬೀಳುವುದು. ನಡೆಯುವವರಿಗೆ ಜಾಗ ಕೊಟ್ಟರೆ ಕಾರಿನವರಿಗೆ ನಷ್ಟ ಎಂಬ ಭಯವನ್ನು ದಯವಿಟ್ಟು ಬಿಡಿ.

ಸೈಕಲ್ಲಿನ ಮಾತನ್ನು ನೀವು ಎತ್ತಲೇ ಇಲ್ಲ. ಜಯನಗರದಲ್ಲಿ ಸೈಕಲ್ ಪಥವೆಂದು ಬಣ್ಣ ಬಳಿದ ಜಾಗದಲ್ಲಿ ಕಾರುಗಳು ನಿಂತದ್ದನ್ನು ಕಂಡವನು ನಾನು. ಬಣ್ಣದ ಮೇಲೆ ನನಗೆ ನಂಬಿಕೆಯಿಲ್ಲ. ನಿಮ್ಮಂಥ ಒಳರಸ್ತೆಗೆ ಪ್ರತ್ಯೇಕ ಪಥವೂ ಬೇಡ. ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ಮೀರದಂತೆ ತಿರುವುಗಳನ್ನು ಕಿರಿದಾಗಿಸಿ, ದಾಟುವ ಕಡೆ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಶಾಲೆಯ ಮಕ್ಕಳು ಕಾರುಗಳ ಜೊತೆಯಲ್ಲೇ ಸೈಕಲ್ ತುಳಿಯಬಹುದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಸುರಕ್ಷಿತ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ನಮ್ಮ ವೃತ್ತಿಯವರ ಮೇಲೂ ನನಗೆ ಸಿಟ್ಟಿದೆ. ಮೇಲ್ಸೇತುವೆಯ ಶಂಕುಸ್ಥಾಪನೆಗೆ ಮುಖಪುಟ ಕೊಡುತ್ತೇವೆ. ರಸ್ತೆ ದಾಟುವಾಗ ಸತ್ತವನಿಗೆ ‘ಅಪರಿಚಿತ ವಾಹನ ಡಿಕ್ಕಿ’ ಎಂದು ಒಳಪುಟದಲ್ಲಿ ಮೂರು ಸಾಲು. ಅವನು ಯಾವ ಬೀದಿಯಲ್ಲಿ, ಫುಟ್‌ಪಾತ್ ಎಲ್ಲಿ ಮುಗಿದದ್ದರಿಂದ ರಸ್ತೆಗಿಳಿದ ಎಂದು ವಿಚಾರಿಸಲು ಯಾರನ್ನೂ ಕಳಿಸುವುದಿಲ್ಲ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆ ಕಳಿಸುತ್ತದೆ. ಮೊದಲು ನಿಮ್ಮ ಬೀದಿಗೇ ಬರುತ್ತೇವೆ. ಆ ಎರಡು ಹೊಂಗೆ ಮರಗಳನ್ನು ಅಲ್ಲಿಯವರೆಗೆ ಕಾಯ್ದಿರಿ.